ಹಳೆಯ ಸೆಸ್ನಾ 172 ಇಟ್ಟುಕೊಂಡವರಿಗೆ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

(ಅಮೆರಿಕದಲ್ಲಿ ಸ್ವಂತ ವಿಮಾನ ಇರುವ ಕನ್ನಡಿಗರ ಗುಂಪು. ಉತ್ತರಿಸುವವರು ವಾರ್ಷಿಕ ತಪಾಸಣೆಗೆ ಸಹಿ ಹಾಕುವ ಐಎ ಮೆಕ್ಯಾನಿಕ್.)

ಒಹಾಯೊ 172ಎಂ: 1974ರ ವಿಮಾನ, ಲೈಕಮಿಂಗ್ ಒ-320-ಇ2ಡಿ ಇಂಜಿನ್. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಎರಡು ನಿಮಿಷ ಜೋರಾಗಿ ನಡುಗುತ್ತೆ, ಆಮೇಲೆ ನುಣ್ಣಗೆ ಓಡುತ್ತೆ. ಪ್ಲಗ್ ತೊಳೆದಾಯ್ತು. ಕಂಪ್ರೆಶನ್ (ಸಿಲಿಂಡರ್ ಎಷ್ಟು ಒತ್ತಡ ಹಿಡಿದಿಡುತ್ತೆ ಅನ್ನೋದು) ನಾಲ್ಕು ಸಿಲಿಂಡರಿಗೆ 80ಕ್ಕೆ 76, 74, 77, 75. ಹಾರಿಸಬಹುದಾ?

ಮೆಕ್ಯಾನಿಕ್: ಬೇಡ. ಇದು ಎಕ್ಸಾಸ್ಟ್ ವಾಲ್ವ್ (ಸುಟ್ಟ ಹೊಗೆ ಹೊರಬಿಡುವ ಕವಾಟ) ಹಿಡಿದುಕೊಳ್ಳುವ ಲಕ್ಷಣ. ಕಂಪ್ರೆಶನ್ ನೋಡುವುದು ಇಂಜಿನ್ ಬಿಸಿಯಿದ್ದಾಗ, ಆಗ ವಾಲ್ವ್ ಬಿಟ್ಟುಕೊಂಡಿರುತ್ತೆ. ಅದಕ್ಕೇ ಅಂಕಿ ಚೆನ್ನಾಗಿ ಬಂದಿದೆ. ವಾಲ್ವ್ ಕಾಂಡ ಓಡಾಡುವ ಗೈಡ್‌ನ ಬಿಸಿ ತುದಿಯಲ್ಲಿ ಕಾರ್ಬನ್ ಕಟ್ಟಿ, ತಣ್ಣಗಿರುವಾಗ ಸಂದು ಸಾಲದೆ ಬಿಗಿಯುತ್ತದೆ. ಇವತ್ತು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡು ನಡುಗಿಸುತ್ತಿದೆ. ನಾಳೆ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಪುಶ್‌ರಾಡ್ (ವಾಲ್ವ್ ತೆರೆಸುವ ಸಲಾಕೆ) ಬಾಗುತ್ತೆ, ಅದರ ಕೊಳವೆ ಒಡೆದು ಎಣ್ಣೆ ಸುರಿಯುತ್ತೆ. ಅದು ಟೇಕಾಫ್‌ನಲ್ಲೇ ಆಗಬಹುದು.

ಮೊದಲು ಯಾವ ಸಿಲಿಂಡರ್ ಅಂತ ಹಿಡಿಯಿರಿ. ನಡುಗುತ್ತಿರುವಾಗಲೇ ಮಿಕ್ಸ್‌ಚರ್ (ಇಂಧನ-ಗಾಳಿ ಹದದ ಹಿಡಿ) ಎಳೆದು ನಿಲ್ಲಿಸಿ, ಮ್ಯಾಗ್ನೆಟೊ (ಪ್ಲಗ್‌ಗೆ ಕಿಡಿ ಕೊಡುವ ಸಾಧನ) ಆಫ್ ಮಾಡಿ, ಕೀ ಕೈಗೆ ತೆಗೆದುಕೊಂಡು, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಎಕ್ಸಾಸ್ಟ್ ಪೈಪ್ ನೋಡಿ. ತಣ್ಣಗಿರುವುದೇ ಕಳ್ಳ. ಆಮೇಲೆ ಲೈಕಮಿಂಗ್ ಸರ್ವೀಸ್ ಬುಲೆಟಿನ್ 388ಸಿ ಪ್ರಕಾರ ವಾಬಲ್ ಟೆಸ್ಟ್ (ಗೈಡ್‌ನಲ್ಲಿ ವಾಲ್ವ್ ಎಷ್ಟು ಅಲ್ಲಾಡುತ್ತೆ ಅನ್ನುವ ಅಳತೆ) ಮಾಡಿಸಿ. 1,000 ಗಂಟೆಗೊಮ್ಮೆ ಹೇಗೂ ಆಗಬೇಕಾದ್ದು ಅದು. ಬಿಗಿ ಇದ್ದರೆ ಸಿಲಿಂಡರ್ ಕಳಚಬೇಕಿಲ್ಲ: ಪ್ಲಗ್ ರಂಧ್ರದಿಂದ ನೈಲಾನ್ ಹಗ್ಗ ತುಂಬಿ (ತುದಿ ಹೊರಗಿರಲಿ) ಪಿಸ್ಟನ್ ಮೇಲೆ ತಂದರೆ ವಾಲ್ವ್ ಜಾರದೆ ನಿಲ್ಲುತ್ತೆ. ರಾಕರ್ (ವಾಲ್ವ್ ಒತ್ತುವ ತೋಳು) ಬಿಚ್ಚಿ, ಸ್ಪ್ರಿಂಗ್ ಒತ್ತಿ, ಅದನ್ನು ಹಿಡಿದಿಡುವ ಕೀಪರ್ ತೆಗೆದು, ಹಗ್ಗ ಎಳೆದುಕೊಂಡು ವಾಲ್ವ್ ಒಳಕ್ಕೆ ತಳ್ಳಿ, ಗ್ರೀಸ್ ಹಚ್ಚಿದ ರೀಮರ್‌ನಿಂದ ಗೈಡ್ ಕೆರೆಯಬೇಕು. ಇದು ಎ ಅಂಡ್ ಪಿ (ವಿಮಾನ ರಿಪೇರಿ ಪರವಾನಗಿ ಇರುವ) ಮೆಕ್ಯಾನಿಕ್ ಕೆಲಸ, ಮಾಲೀಕರು ಕೈ ಹಾಕುವಂಥದ್ದಲ್ಲ. ಗೈಡ್ ಸವೆದು ಸಡಿಲ ಬಂದರೆ ಮಾತ್ರ ಸಿಲಿಂಡರ್ ಇಳಿಸಲೇಬೇಕು.

ಟೆಕ್ಸಾಸ್ ಸ್ಕೈಹಾಕ್: ಎಣ್ಣೆಗೆ ಅರ್ಧ ಲೀಟರ್ ಮಾರ್ವೆಲ್ ಮಿಸ್ಟರಿ ಆಯಿಲ್ (ಎಣ್ಣೆಗೆ ಬೆರೆಸುವ ದ್ರವ) ಸುರಿದರೆ ವಾಲ್ವ್ ತಾನೇ ಬಿಡುತ್ತೆ ಅಂತ ಫಾರ್ವರ್ಡ್ ಬಂದಿದೆ, ಹಾಕಲಾ?

ಮೆಕ್ಯಾನಿಕ್: ಹಾಕಬೇಡಿ. ಗೈಡ್‌ನಲ್ಲಿರುವುದು ಕಲ್ಲಾದ ಕಾರ್ಬನ್, ಕರಗಲ್ಲ. ಎಣ್ಣೆ ಹೊತ್ತಿಗೆ ಬದಲಿಸಿ: ಫಿಲ್ಟರ್ ಇದ್ದರೆ 50 ಗಂಟೆ, ಬರೀ ಜಾಲರಿ ಇದ್ದರೆ 25 ಗಂಟೆ, ಹಾರಿಸಲಿ ಬಿಡಲಿ 4 ತಿಂಗಳು. ಹಳೆಯ ಇ2ಡಿಗೆ ಮೊದಲು ಮಾಡಿಸಬೇಕಾದ ಅಪ್‌ಗ್ರೇಡ್ ಅಂದರೆ ಸ್ಪಿನ್-ಆನ್ ಫಿಲ್ಟರ್ ಅಡಾಪ್ಟರ್. ಪ್ರತಿ ಸಲ ಫಿಲ್ಟರ್ ಕೊಯ್ದು, ಮಡಿಕೆ ಬಿಡಿಸಿ ನೋಡಿ. ಆಯಸ್ಕಾಂತಕ್ಕೆ ಅಂಟುವ ಚೂರು ಕಂಡರೆ ಕ್ಯಾಮ್, ಟ್ಯಾಪೆಟ್ (ಪುಶ್‌ರಾಡನ್ನು ಎತ್ತುವ ಭಾಗಗಳು) ಮೇಲೆ ಅನುಮಾನ ಪಡಿ.

ನ್ಯೂಜೆರ್ಸಿ: ಚಳಿಗಾಲದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಸಾಕಲ್ವಾ?

ಮೆಕ್ಯಾನಿಕ್: ಸಾಲದು, ಕೆಡುಕೇ ಹೆಚ್ಚು. ಎಣ್ಣೆ ಕಾಯದೆ ತೇವ ಒಳಗೇ ಉಳಿಯುತ್ತೆ. ಲೈಕಮಿಂಗ್‌ನಲ್ಲಿ ಕ್ಯಾಮ್ ಇರುವುದು ಕ್ರ್ಯಾಂಕ್ ಮೇಲೆ, ಎಣ್ಣೆ ಇಳಿದುಹೋಗಿ ತುಕ್ಕು ಅಲ್ಲೇ ಹಿಡಿಯೋದು. ಹಾರಿಸಿ, ಎಣ್ಣೆ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆಯಾದರೂ ಇರಲಿ.

ಅರಿಜೋನಾ 1976: ಪ್ರೊಪೆಲ್ಲರ್ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ?

ಮೆಕ್ಯಾನಿಕ್: ಬೇಡ. ಉಳಿದ ಎಣ್ಣೆ ಪದರವೂ ಒರೆಸಿಹೋಗುತ್ತೆ.

ಟೆಕ್ಸಾಸ್ ಸ್ಕೈಹಾಕ್: ಕಾರ್ಬನ್ ಎಲ್ಲಾ 100 ಎಲ್‌ಎಲ್ (ವಿಮಾನದ ಪೆಟ್ರೋಲ್) ಸೀಸದ ಪಾಪ. ಇ2ಡಿಗೆ ಕಾರಿನ ಪೆಟ್ರೋಲಿನ ಎಸ್‌ಟಿಸಿ (ಮೂಲ ವಿನ್ಯಾಸ ಬದಲಿಸಲು ಅಧಿಕೃತ ಒಪ್ಪಿಗೆ) ಇದೆ, ಬಂಕಿನಲ್ಲಿ ಹಾಕಿಸಿಕೊಳ್ಳಿ.

ಅರಿಜೋನಾ 1976: ಎಸ್‌ಟಿಸಿ ಪೂರ್ತಿ ಓದಿದ್ದೀರಾ? ಎಥನಾಲ್ ಇರುವ ಪೆಟ್ರೋಲ್ ಅದರಲ್ಲಿ ನಿಷಿದ್ಧ. ಬಂಕಿನದ್ದು ಬಹುಪಾಲು ಇ10 (ಶೇ. 10 ಎಥನಾಲ್).

ಟೆಕ್ಸಾಸ್ ಸ್ಕೈಹಾಕ್: ಎಥನಾಲ್ ಇಲ್ಲದ್ದೂ ಸಿಗುತ್ತೆ, ಹುಡುಕುವ ಮನಸ್ಸಿರಬೇಕು. ಈ ಇಂಜಿನ್ ಹುಟ್ಟಿದ್ದೇ 80/87ಕ್ಕೆ (ವಿಮಾನದ ಹಳೆಯ ಪೆಟ್ರೋಲ್). ಅದರಲ್ಲಿ ಗ್ಯಾಲನ್‌ಗೆ ಟಿಇಎಲ್ (ಸೀಸದ ಸಂಯುಕ್ತ) ಮಿತಿ ಅರ್ಧ ಮಿಲಿ, 100 ಎಲ್‌ಎಲ್‌ನಲ್ಲಿ 2. ಲೆಕ್ಕ ಬರುತ್ತಲ್ವಾ?

ಅರಿಜೋನಾ 1976: ಬರುತ್ತೆ. ನೀವು ಮೊದಲು ಬರೆದದ್ದು "ಬಂಕಿನಲ್ಲಿ" ಅಂತ. ಯಾರಾದರೂ ನಂಬಿ ಇ10 ತುಂಬಿಸಿದರೆ ಸೀಲ್ ಊದಿ, ನೀರು ಎಳೆದುಕೊಂಡ ಮೇಲೆ ಜವಾಬ್ದಾರಿ ಯಾರದ್ದು?

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಎಥನಾಲ್ ಬೇಡವೇ ಬೇಡ. 100 ಎಲ್‌ಎಲ್ ಹಾಕುವವರು ನೆಲದ ಮೇಲೆ ಮಿಕ್ಸ್‌ಚರ್ ಚೆನ್ನಾಗಿ ಲೀನ್ ಮಾಡಿ (ಇಂಧನ ಕಮ್ಮಿ ಮಾಡಿ), ಪ್ಲಗ್‌ಗೆ ಸೀಸ ಕಟ್ಟೋದು ಕಮ್ಮಿಯಾಗುತ್ತೆ.

ವರ್ಜೀನಿಯಾ: ವ್ಯಾಕ್ಯೂಮ್ (ಗಾಳಿ ಎಳೆತದಿಂದ ಉಪಕರಣ ಓಡಿಸುವ ವ್ಯವಸ್ಥೆ) ತೆಗೆದು ಗಾರ್ಮಿನ್ ಜಿ5 (ಎಲೆಕ್ಟ್ರಾನಿಕ್ ಉಪಕರಣ) ಹಾಕಿಸಿದರೆ ಎಷ್ಟು ತೂಕ ಉಳಿಯುತ್ತೆ?

ಕೊಲರಾಡೊ: ಸೀಟ್ ಹಳಿಯಲ್ಲಿ ಲಾಕ್ ಪಿನ್ ಕೂರುವ ತೂತು ಸ್ವಲ್ಪ ಮೊಟ್ಟೆಯಾಕಾರ ಆಗಿದೆ. ಮುಂದಿನ ವಾರ್ಷಿಕಕ್ಕೆ ಬಿಡಬಹುದಾ?

ಮೆಕ್ಯಾನಿಕ್: ಇವತ್ತೇ ಅಳೆಯಿರಿ. ಎಡಿ (ಕಡ್ಡಾಯ ಸುರಕ್ಷತಾ ಆದೇಶ) 2011-10-09ರಲ್ಲಿ ಮಿತಿ 0.36 ಇಂಚು, ದಾಟಿದ್ದರೆ ಹಳಿ ಬದಲಿಸಬೇಕು. ಪಿನ್ ತೂತಿನೊಳಗೆ ಪೂರ್ತಿ ಇಳಿಯುತ್ತಾ ಅಂತಲೂ ನೋಡಿ. ಟೇಕಾಫ್‌ನಲ್ಲಿ ಸೀಟ್ ಹಿಂದಕ್ಕೆ ಜಾರಿದರೆ ಕೈ ಯೋಕ್ (ಚುಕ್ಕಾಣಿ) ಹಿಡಿದೇ ಇರುತ್ತೆ, ಮೂತಿ ಮೇಲೇಳುತ್ತೆ.

ಜಕ್ಕೂರು: ಇಲ್ಲಿ ಬೆಂಗಳೂರಲ್ಲಿ ಎಣ್ಣೆ ನಾವೇ ಬದಲಿಸಿ ಲಾಗ್‌ಬುಕ್ಕಲ್ಲಿ ಬರೆಯಬಹುದಾ?

ಮೆಕ್ಯಾನಿಕ್: ಮಾಲೀಕರು ಏನು ಮಾಡಬಹುದು ಅಂತ ಹೇಳುವ ಪಾರ್ಟ್ 43 ಅಮೆರಿಕದ ನಿಯಮ. ವಿಟಿ (ಭಾರತದ) ನೋಂದಣಿಗೆ ಡಿಜಿಸಿಎ ನಿಯಮ. ನಿಮ್ಮ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಅನ್ನು ಕೇಳಿ.

ನ್ಯೂಜೆರ್ಸಿ: ಹತ್ತು ನಿಮಿಷದ ಬದಲು ಇಪ್ಪತ್ತು ನಿಮಿಷ ಓಡಿಸಿದರೆ?

ಮೆಕ್ಯಾನಿಕ್: ಮೇಲೆ ಓದಿ.

ವರ್ಜೀನಿಯಾ: ಜಿ5 ಬಗ್ಗೆ ಕೇಳಿದ್ದೆ...

ಒಹಾಯೊ 172ಎಂ: ನೋಡಿದೆ. 3ನೇ ಪೈಪ್ ತಣ್ಣಗಿತ್ತು.

ಮೆಕ್ಯಾನಿಕ್: ಹಾಗಾದರೆ ವಿಮಾನ ಅಲ್ಲೇ ಇರಲಿ, ಮೆಕ್ಯಾನಿಕ್ ಅಲ್ಲಿಗೇ ಬರಲಿ. ಮೂರನೆಯದೊಂದಕ್ಕೇ ನಿಲ್ಲಿಸದೆ ನಾಲ್ಕೂ ಅಳೆಸಿ. 3ರ ಎಕ್ಸಾಸ್ಟ್ ಪುಶ್‌ರಾಡ್ ತೆಗೆದು ಸಪಾಟಾದ ಗಾಜಿನ ಮೇಲೆ ಉರುಳಿಸಿ ನೋಡಲು ಹೇಳಿ. ಕೂದಲೆಳೆಯಷ್ಟು ಬಾಗಿದ್ದರೂ ಹೊಸದು ಹಾಕಿ. ಕೂಡಿಸಿದ ಮೇಲೆ ಟ್ಯಾಪೆಟ್‌ನ ಎಣ್ಣೆ ಬಸಿದು ಒಣ ಕ್ಲಿಯರೆನ್ಸ್ (ಎಣ್ಣೆ ಇಲ್ಲದಾಗ ರಾಕರ್ ಮತ್ತು ವಾಲ್ವ್ ನಡುವಿನ ಸಂದು) ನೋಡಬೇಕು, 0.028ರಿಂದ 0.080 ಇಂಚಿನೊಳಗೆ ಬರಬೇಕು. ಅಂಕಿ ಬಂದಾಗ ಇಲ್ಲಿ ಹಾಕಿ.