ತಾತನ ಬೀಟೆ ಮಂಚ ಇಟ್ಕೊಂಡು ಮಾಸ್ಟರ್ ಬೆಡ್‌ರೂಮ್ ಹೆಂಗೆ ಮಾಡ್ಸೋದು?

ಕುವೆಂಪುನಗರ_ಮನೆ:
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ 30x40 ಸೈಟಲ್ಲಿ ಮನೆ ಕಟ್ಟಿಸ್ತಾ ಇದೀವಿ, ಗೋಡೆ ಎದ್ದಿದೆ, ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲ. ಮಾಸ್ಟರ್ ಬೆಡ್‌ರೂಮ್ 12x14 ಅಡಿ, ಸೀಲಿಂಗ್ 10 ಅಡಿ, ಪಶ್ಚಿಮಕ್ಕೆ 5 ಅಡಿ ಕಿಟಕಿ. ಇಂಟೀರಿಯರ್‌ನವರು ಒಬ್ರು ಬಂದು ಫಾಲ್ಸ್ ಸೀಲಿಂಗು, ಮಂಚದ ಹಿಂದೆ ಫಳಫಳ ಅನ್ನೋ ಪ್ಯಾನೆಲ್ಲು, ಬಣ್ಣಬಣ್ಣದ ಎಲ್ಇಡಿ ಅಂತ ತೋರ್ಸಿದ್ರು, ಲಾಡ್ಜ್ ರೂಮ್ ಥರ ಅನ್ನಿಸ್ತು, ಮನಸ್ಸು ಒಪ್ಲಿಲ್ಲ. ಒಳ್ಳೆ ಟೈಲರ್ ಹತ್ರ ಅಳತೆ ಕೊಟ್ಟು ಹೊಲಿಸಿದ ಬಟ್ಟೆ ಮೈಗೆ ಕೂರುತ್ತಲ್ಲ, ಹಂಗೆ ನೀಟಾಗಿ ಕೂತಿರೋ ರೂಮು ಬೇಕು ನಂಗೆ. ಊರಿಂದ ತಾತನ ಬೀಟೆ ಮಂಚ ತರ್ಬೇಕು ಅಂತ ಆಸೆ, ಹಾಸಿಗೆ ಕೂರೋ ಜಾಗ 57 ಇಂಚು ಅಗಲ 76 ಇಂಚು ಉದ್ದ, ಅಂಗಡೀಲಿ ಆ ಸೈಜೇ ಇಲ್ಲ, ಮಾರ್ಬಿಟ್ಟು ಹೊಸದು ತಗೊಳ್ಳಿ ಅಂತಾರೆ. ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆ ಎರಡಿದೆ, ಅದ್ರಲ್ಲಿ ಕರ್ಟನ್ ಮಾಡಿಸ್ಬೋದಾ?

ಮಂಡ್ಯ_ಮರಗೆಲಸ:
ಮಂಚ ಮಾತ್ರ ಮಾರ್ಬೇಡಿ ಸಾರ್, ಕೈ ಮುಗೀತೀನಿ. ಈಗ ಅಂಥಾ ಬೀಟೆ ಹಲಗೆ ಸಿಗೋದೇ ಕಷ್ಟ ಐತೆ. ಹಾಸಿಗೇನ ಅಳತೆ ಕೊಟ್ಟು ಮಾಡ್ಸಿ, ಆದ್ರೆ 5 ಇಂಚಿಗಿಂತ ದಪ್ಪ ಬ್ಯಾಡ, ಹಳೇ ಮಂಚ ತೆಳು ಹತ್ತಿ ಹಾಸಿಗೆಗೆ ಅಂತ ಎತ್ತರ ಮಾಡಿರ್ತಾರೆ, ಮೇಲೆ 10 ಇಂಚಿನ ಹಾಸಿಗೆ ಹಾಕುದ್ರೆ ವಯಸ್ಸಾದೋರು ಹತ್ತಕ್ಕಾಗಲ್ಲ, ತಲೆಕಡೆ ಹಲಗೆ ಕೆತ್ತನೇನೂ ಅರ್ಧ ಮುಚ್ಚೋಗ್ತದೆ. ಮರದಲ್ಲಿ ಇನ್‌ಲೇ ಕೆಲಸ, ಅಂದ್ರೆ ಬೇರೆ ಬಣ್ಣದ ಚೂರು ಕೂರ್ಸಿ ಮಾಡಿರೋ ಚಿತ್ತಾರ ಇದ್ರೆ ಮಿಷಿನ್ ಹಾಕಿ ಉಜ್ಜಕ್ಕೆ ಬುಡಬೇಡಿ, ಕೈಯಲ್ಲೇ ಉಜ್ಜಿ ಅರಗಿನ ಪಾಲಿಶ್ ಕೊಡ್ಸಿ.

ತಲೆ ದಕ್ಷಿಣದ 12 ಅಡಿ ಗೋಡೆಗೆ ಇಟ್ಟು ಎದುರು ಗೋಡೇಗೆ ವಾರ್ಡ್‌ರೋಬ್ ಮಾಡ್ಸುದ್ರೆ, 14 ಅಡೀಲಿ ಮಂಚಕ್ಕೆ ಆರೂವರೆ, ವಾರ್ಡ್‌ರೋಬಿಗೆ 2 ಹೋಗಿ ಮಧ್ಯೆ ಐದೂವರೆ ಅಡಿ ಉಳೀತದೆ, ಮಾಮೂಲಿ ಬಾಗ್ಲು ತೆಗ್ಯಕ್ಕೆ ಅಷ್ಟು ಸಾಕು, ಸ್ಲೈಡಿಂಗ್ ಬಾಗ್ಲು ಬ್ಯಾಡ್ವೇ ಬ್ಯಾಡ. 2 ಅಡಿ ಆಳಕ್ಕಿಂತ ಕಮ್ಮಿ ಮಾಡ್ಬೇಡಿ, ಹ್ಯಾಂಗರಿಗೆ ಹಾಕಿದ ಶರ್ಟಿನ ತೋಳು ಬಾಗ್ಲಿಗೆ ಸಿಕ್ಕೊಳ್ತದೆ. ಸೀಲಿಂಗ್ ತನಕ ಒಯ್ರಿ, ಮೇಲೆ ಧೂಳು ಕೂರೋ ಜಾಗನೇ ಇರಬಾರ್ದು. ಹಿಂದಿನ ಗೋಡೆ ಬಾತ್‌ರೂಮಿಂದಾದ್ರೆ ನೀರು ತಡಿಯೋ ಐಎಸ್ 710 ಮಾರ್ಕಿನ ಮೆರೈನ್ ಪ್ಲೈನೇ ಹಾಕ್ಸಿ. ಲ್ಯಾಮಿನೇಟ್ ಮ್ಯಾಟ್ ಇರ್ಲಿ, ಗೋಡೆ ಬಣ್ಣದ್ದೇ, ಆಗ ಕಣ್ಣು ಸೀದಾ ಮಂಚಕ್ಕೆ ಹೋಗ್ತದೆ. ಪಕ್ಕದ ಟೇಬಲ್ಲು ಹಾಸಿಗೆ ಮೇಲ್ಮಟ್ಟಕ್ಕೆ ಸಮ ಇದ್ರೆ ಸಾಕು.

ಸೂಜಿ_ದಾರ:
ಸೀರೇನ ಪಶ್ಚಿಮದ ಕಿಟಕಿಗೆ ದಯವಿಟ್ಟು ಹಾಕ್ಬೇಡಿ. ರೇಷ್ಮೆ ಬಿಸಿಲಿಗೆ ಬಣ್ಣ ಬಿಡೋದಷ್ಟೇ ಅಲ್ಲ, ನೂಲೇ ಜೀರ್ಣ ಆಗಿ ಮಡಿಕೆಮಡಿಕೆಗೂ ಸೀಳತ್ತೆ, ನಮ್ಮನೇಲಿ ಒಂದು ಹಂಗೇ ಹೋಯ್ತು, ಇವತ್ತಿಗೂ ಹೊಟ್ಟೆ ಉರಿಯತ್ತೆ. ಅದರ ಬದ್ಲು ಸೆರಗಲ್ಲಿ ದಿಂಬಿನ ಕವರ್ ಮಾಡ್ಸಿ, ಒಳಗೆ ಕಾಟನ್ ಲೈನಿಂಗ್ ಕೊಡಿಸ್ಲೇಬೇಕು ಯಾಕಂದ್ರೆ ಮೈಸೂರು ಕ್ರೇಪು ತುಂಬಾ ಮೆತ್ತಗೆ, ಹೊಲಿಗೆ ಹತ್ರ ಎಳ್ಕೊಳತ್ತೆ. ಉಳಿದ ಜರಿ ಅಂಚನ್ನ ಕಾಲ್ಕಡೆ ಹಾಸೋ ಹೊದಿಕೆಗೆ ಪಟ್ಟಿ ಥರ ಕೊಡ್ಬೋದು.

ಕರ್ಟನ್ ದಪ್ಪ ಕಾಟನ್ ಅಥವಾ ಲಿನೆನ್, ಹಿಂದೆ ಬಿಸಿಲು ತಡೆಯೋ ಲೈನಿಂಗ್. ರಾಡು ಕಿಟಕಿ ಅಳತೆಗೆ ಬೇಡ, ಎರಡೂ ಕಡೆ ಒಂದೊಂದಡಿ ಹೊರಗೆ ಬಂದು ಒಟ್ಟು 7 ಅಡಿ ಇರ್ಲಿ, ನೆಲದಿಂದ 9 ಅಡಿ ಎತ್ತರದಲ್ಲಿ. ನೆರಿಗೆಗೆ ರಾಡಿನ ಎರಡರಷ್ಟು ಬಟ್ಟೆ ಬೇಕು, 48 ಇಂಚು ಪನ್ನದಾದ್ರೆ 4 ಪೀಸು, ಮಡಿಕೆ ಎಲ್ಲಾ ಸೇರಿ 12 ಮೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯತ್ತೆ. ನೆಲಕ್ಕೆ ಅರ್ಧ ಇಂಚು ಮೇಲೆ ನಿಂತ್ರೆ ಸಾಕು, ನೆಲ ಒರ್ಸೋವಾಗ ಒದ್ದೆ ಆಗಲ್ಲ. ಹೊಲಿಯೋಕೆ ಮುಂಚೆ ಒಂದ್ಸಲ ನೀರಲ್ಲಿ ನೆನೆಸಿ.

ವೈರಿಂಗ್_ವಿಜಯನಗರ:
ಪ್ಲಾಸ್ಟರ್ ಆಗಿಲ್ಲ ಅಂದ್ರಲ್ಲ, ಮೊದ್ಲು ನನ್ ಕೆಲಸ ಮಾಡಿ. ಮಂಚ ಎಲ್ಲಿ ಅಂತ ಗೋಡೆ ಮೇಲೆ ಚಾಕ್‌ಪೀಸಲ್ಲಿ ಬರೀರಿ, ಎರಡೂ ಪಕ್ಕ ಪಾಯಿಂಟ್ ಬಿಡ್ಸಿ, ಬಾಗ್ಲ ಹತ್ರ ಒಂದು ಮಂಚದ ಹತ್ರ ಒಂದು ಟೂ ವೇ ಸ್ವಿಚ್, ಒಂದೇ ಲೈಟನ್ನ ಎರಡೂ ಕಡೆಯಿಂದ ಹಾಕಿ ಆರಿಸ್ಬೋದು. ಬಲ್ಬು 2700ರಿಂದ 3000 ಕೆಲ್ವಿನ್ ಒಳಗಿರೋದೇ, ಅಂದ್ರೆ ಹಳದಿ ಬೆಳಕಿಂದೇ ತಗೊಳ್ಳಿ, ಬಿಳಿ ಲೈಟಲ್ಲಿ ಬೀಟೆ ಬರೀ ಕಪ್ಪಗೆ ಕಾಣತ್ತೆ.

ಕುವೆಂಪುನಗರ_ಮನೆ:
ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಮಂಚ ಇಟ್ಕೊಳೋದೇ, ಫಾಲ್ಸ್ ಸೀಲಿಂಗ್ ಬೇಡ ಅಂದ್ಬಿಟ್ಟೆ. ಒಂದೇ ಭಯ, ನಮ್ದು ಮೇಲಿನ ಫ್ಲೋರು, ಮೆಟ್ಲಲ್ಲಿ ತಿರುಗುತ್ತಾ?

ಮಂಡ್ಯ_ಮರಗೆಲಸ:
ಕಾಲಿನ ಸಂದೀಲಿ ಬೋಲ್ಟು ಇಲ್ಲಾ ಬೆಣೆ ಇರ್ತದೆ ನೋಡಿ, ಬಿಚ್ಚುದ್ರೆ ನಾಕು ಪಟ್ಟಿ ಬೇರೆಬೇರೆ ಆಯ್ತದೆ. ಬಿಚ್ಚೋ ಮೊದ್ಲು ಒಂದೊಂದು ಸಂದಿಗೂ ಪೆನ್ಸಿಲಲ್ಲಿ ನಂಬರ್ ಹಾಕಿ, ಒಂದರ ಕಾಲು ಇನ್ನೊಂದಕ್ಕೆ ಕೂರಲ್ಲ.