ಡಿ ಡ್ರೈವ್ ಇದ್ದದ್ದು ಜಿ ಆಗಿದೆ, ಫಾರ್ಮ್ಯಾಟ್ ಮಾಡಿಸಲೇಬೇಕಾ? ಅನುಭವ ಇರುವವರು ಹೇಳಿ

ಮೈಸೂರು, ಕುವೆಂಪುನಗರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಂಪ್ಯೂಟರ್ ತುಂಬಾ ನಿಧಾನ ಆಗಿತ್ತು ಅಂತ ಅಂಗಡಿಗೆ ಕೊಟ್ಟು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿಸಿದೆವು. ವಿಂಡೋಸ್ ಅದರಲ್ಲಿ ಹೊಸದಾಗಿ ಹಾಕಿದ್ದಾರೆ, ಹಳೆ ಹಾರ್ಡ್ ಡಿಸ್ಕ್ ಅನ್ನೂ ಒಳಗೇ ಬಿಟ್ಟಿದ್ದಾರೆ. ಈಗ ಸ್ಪೀಡ್ ಚೆನ್ನಾಗಿದೆ. ಆದರೆ ಡ್ರೈವ್‌ಗಳೆಲ್ಲ ಅದಲು ಬದಲು ಆಗಿವೆ. ಮೊದಲು ಸಿ ಮತ್ತು ಡಿ ಎರಡೇ ಇದ್ದವು. ಈಗ ಡಿ ಅಂದರೆ ಡಿವಿಡಿ ಡ್ರೈವ್. ಇ ಅಂತ 500 ಎಂಬಿಯ ಒಂದು ಚಿಕ್ಕ ಡ್ರೈವ್ ಬಂದಿದೆ, ಅದು ಯಾವುದೋ ಗೊತ್ತಿಲ್ಲ. ಎಫ್‌ನಲ್ಲಿ ಹಳೆಯ ವಿಂಡೋಸ್ ಇದೆ. ನಮ್ಮ ಹಳೆ ಡಿ ಈಗ ಜಿ ಆಗಿ ಕೂತಿದೆ. ನಮ್ಮ ಮನೆಯವರು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಒಂದು ಕಂಪನಿಯೂ ಕಾಣಿಸುತ್ತಿಲ್ಲ, ಡೆಸ್ಕ್‌ಟಾಪ್‌ನಲ್ಲಿದ್ದ ಶಾರ್ಟ್‌ಕಟ್ ಯಾವುದೂ ತೆರೆಯುತ್ತಿಲ್ಲ. ಅಂಗಡಿಯಲ್ಲಿ ಕೇಳಿದರೆ ಹಳೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಪಾರ್ಟಿಷನ್ (ಡಿಸ್ಕಿನ ಒಳಗಿನ ಭಾಗಗಳು) ಮಾಡಬೇಕು ಅಂತಾರೆ. ಅದರಲ್ಲಿ ಮಾವನವರ ಫೋಟೋಗಳು, ಮಗಳ ಕಾಲೇಜು ಪ್ರಾಜೆಕ್ಟ್ ಎಲ್ಲ ಇವೆ. ಬೇರೆ ದಾರಿ ಇಲ್ವಾ?

ಮಂಡ್ಯ, ನೂರಡಿ ರಸ್ತೆಯಿಂದ:

ಅಕ್ಕಾ, ಮೊದಲು ಅಂಗಡಿಯವರಿಗೆ ಫೋನ್ ಮಾಡಿ ಫಾರ್ಮ್ಯಾಟ್ ಬೇಡ ಅಂತ ಹೇಳಿಬಿಡಿ. ಅಕ್ಷರ ಬದಲಾಯಿಸುವುದಕ್ಕೂ ಫಾರ್ಮ್ಯಾಟ್‌ಗೂ ಸಂಬಂಧವೇ ಇಲ್ಲ. ನಾನು ಮದುವೆ ವಿಡಿಯೋ ಎಡಿಟಿಂಗ್ ಮಾಡುವವನು, ನನ್ನದು ಸಂಜೆ ವಿವರವಾಗಿ ಬರೀತೀನಿ. ಅಲ್ಲಿವರೆಗೂ ಏನನ್ನೂ ಅಳಿಸಬೇಡಿ.

ಮೈಸೂರು, ಸರಸ್ವತಿಪುರಂನಿಂದ:

ಮೇಡಂ, ನಾನು ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಎಸ್‌ಎಸ್‌ಡಿ ಹಾಕಿಸಿದ ಮನೆಗಳಲ್ಲಿ ಈ ತೊಂದರೆ ಮಾಮೂಲಿ. ನಿಮ್ಮ ಡೇಟಾ ಎಲ್ಲೂ ಹೋಗಿಲ್ಲ. ಜಿ ತೆರೆದು ನೋಡಿ, ಫೋಟೋ ಪ್ರಾಜೆಕ್ಟ್ ಎಲ್ಲ ಇದ್ದ ಹಾಗೇ ಇರುತ್ತವೆ.

ಯಾಕೆ ಹೀಗಾಯ್ತು ಅಂದರೆ, ಡಿ, ಇ, ಎಫ್ ಅನ್ನುವ ಅಕ್ಷರ ಹಾರ್ಡ್ ಡಿಸ್ಕ್ ಒಳಗೆ ಬರೆದಿರುವುದಿಲ್ಲ. ಯಾವ ಪಾರ್ಟಿಷನ್‌ಗೆ ಯಾವ ಅಕ್ಷರ ಅನ್ನುವ ಲೆಕ್ಕವನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಸೆಟ್ಟಿಂಗ್‌ಗಳ ದಾಖಲೆಯಲ್ಲಿ, ‘ಮೌಂಟೆಡ್ ಡಿವೈಸಸ್’ ಅನ್ನುವ ಜಾಗದಲ್ಲಿ ಇಟ್ಟುಕೊಂಡಿರುತ್ತೆ. ನಿಮ್ಮ ಹಳೆ ವಿಂಡೋಸ್‌ನ ಲೆಕ್ಕ ಹಳೆ ವಿಂಡೋಸ್ ಜೊತೆಗೇ ಉಳಿದುಹೋಯಿತು. ಹೊಸ ವಿಂಡೋಸ್‌ಗೆ ಯಾವುದು ನಿಮ್ಮ ಡಿ ಅಂತ ಗೊತ್ತಿಲ್ಲ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಖಾಲಿ ಇದ್ದ ಅಕ್ಷರ ಕೊಡುತ್ತಾ ಹೋಯಿತು. ಎ ಮತ್ತು ಬಿ ಯಾಕೆ ಬರಲ್ಲ ಅಂತ ಕೆಲವರು ಕೇಳ್ತಾರೆ. ಅವೆರಡನ್ನೂ ಫ್ಲಾಪಿ ಕಾಲದಲ್ಲಿ ಫ್ಲಾಪಿಗೆ ಮೀಸಲಿಟ್ಟಿದ್ದರು, ಅದಕ್ಕೇ ಹಾರ್ಡ್ ಡಿಸ್ಕ್ ಎಣಿಕೆ ಇವತ್ತಿಗೂ ಸಿ ಇಂದಲೇ ಶುರು.

ಸರಿ ಮಾಡುವುದು ಸುಲಭ. ಮೊದಲು ಟ್ಯಾಲಿ, ಫೋಟೋ, ಫೋಲ್ಡರ್ ಕಿಟಕಿ ಎಲ್ಲ ಮುಚ್ಚಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಸಿಗುತ್ತೆ, ಅದನ್ನು ತೆರೆಯಿರಿ. ಕೆಳಗಡೆ ಡಿಸ್ಕ್ 0, ಡಿಸ್ಕ್ 1 ಅಂತ ಪಟ್ಟಿಗಳು ಕಾಣುತ್ತವೆ, ಡಿವಿಡಿಯೂ ಅಲ್ಲೇ ಸಿಡಿ ರೋಮ್ 0 ಅಂತ ಇರುತ್ತೆ. ಡಿವಿಡಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’, ಆಮೇಲೆ ‘ಚೇಂಜ್’, ಅಲ್ಲಿ ಆರ್ ಅಂತ ಆರಿಸಿ ಓಕೆ ಕೊಡಿ. ಈಗ ಡಿ ಖಾಲಿ ಆಯ್ತು. ಜಿ ಮೇಲೂ ಹೀಗೇ ಮಾಡಿ ಅದಕ್ಕೆ ಡಿ ಕೊಡಿ. ಈ ಕ್ರಮದಲ್ಲೇ ಮಾಡಬೇಕು, ಯಾಕಂದ್ರೆ ಆ ಪಟ್ಟಿಯಲ್ಲಿ ಖಾಲಿ ಇರುವ ಅಕ್ಷರ ಮಾತ್ರ ತೋರಿಸುತ್ತೆ. ಎರಡು ಪಾರ್ಟಿಷನ್‌ಗಳ ಅಕ್ಷರವನ್ನೇ ಅದಲು ಬದಲು ಮಾಡಬೇಕಾದವರು ಒಂದಕ್ಕೆ ತಾತ್ಕಾಲಿಕವಾಗಿ ಟಿ ಅಂತ ಏನೋ ಒಂದು ಕೊಟ್ಟು ದಾರಿ ಮಾಡಿಕೊಳ್ಳಬೇಕು.

ಮಧ್ಯದಲ್ಲಿ ವಿಂಡೋಸ್ ಒಂದು ಎಚ್ಚರಿಕೆ ಕೊಡುತ್ತೆ, ಈ ಅಕ್ಷರ ನಂಬಿಕೊಂಡ ಪ್ರೋಗ್ರಾಂಗಳು ಓಡದೇ ಇರಬಹುದು, ಮುಂದುವರಿಯಲಾ ಅಂತ. ನಿಮ್ಮಲ್ಲಿ ಯೆಸ್ ಕೊಡಿ, ನಿಮ್ಮ ಟ್ಯಾಲಿ ಕಾಯುತ್ತಿರುವುದೇ ಹಳೆ ಡಿಗೆ. ಆದರೆ ಸಿ ಅಕ್ಷರಕ್ಕೆ ಮಾತ್ರ ಕೈ ಹಾಕಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ಬಿಡುವುದೂ ಇಲ್ಲ. ರಿಜಿಸ್ಟ್ರಿಗೆ ಹೋಗಿ ಬದಲಾಯಿಸುವ ವಿಡಿಯೋಗಳು ಸಿಗ್ತವೆ, ಅದು ಅಕ್ಷರ ತಪ್ಪಿಹೋದ ವಿಂಡೋಸ್ ಅನ್ನು ಮೊದಲಿನ ಸ್ಥಿತಿಗೆ ತರುವುದಕ್ಕೆ ಇರುವ ದಾರಿ, ಚೆನ್ನಾಗಿ ಓಡುತ್ತಿರುವ ಕಂಪ್ಯೂಟರ್‌ಗೆ ಅಲ್ಲ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಹಳೆ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಿದರೆ ಫೋಟೋ ಹೋಗುವುದು ಒಂದು ಕಡೆ, ಕಂಪ್ಯೂಟರ್ ಆನ್ ಆಗುವುದೇ ನಿಲ್ಲಬಹುದು. ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಳೆ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚದೇ ಹಾಕಿದ್ದರೆ, ಬೂಟ್ ಆಗಲು, ಅಂದರೆ ವಿಂಡೋಸ್ ಶುರುವಾಗಲು, ಬೇಕಾದ ಫೈಲ್‌ಗಳು ಎಷ್ಟೋ ಸಲ ಹಳೆ ಡಿಸ್ಕಿನ ಚಿಕ್ಕ ಪಾರ್ಟಿಷನ್‌ನಲ್ಲೇ ಹೋಗಿ ಕೂರುತ್ತವೆ. ಅದಕ್ಕೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಯಾವ ಪಾರ್ಟಿಷನ್ ಕೆಳಗೆ ‘ಸಿಸ್ಟಮ್’ ಅಂತ ಬರೆದಿದೆ ನೋಡಿ. ವಿಂಡೋಸ್‌ನಲ್ಲಿ ಹೆಸರು ಸ್ವಲ್ಪ ಉಲ್ಟಾ, ಬೂಟ್ ಫೈಲ್ ಇರುವ ಪಾರ್ಟಿಷನ್‌ಗೆ ‘ಸಿಸ್ಟಮ್’ ಅಂತಲೂ ವಿಂಡೋಸ್ ಇರುವ ಪಾರ್ಟಿಷನ್‌ಗೆ ‘ಬೂಟ್’ ಅಂತಲೂ ಬರೆದಿರುತ್ತೆ. ‘ಸಿಸ್ಟಮ್’ ಅನ್ನುವುದು ಎಸ್‌ಎಸ್‌ಡಿ ಕಡೆ ಇದ್ದರೆ ಚಿಂತೆಯಿಲ್ಲ. ಹಳೆ ಡಿಸ್ಕ್ ಕಡೆ ಇದ್ದರೆ ಆ ಡಿಸ್ಕ್ ಅನ್ನು ಅಳಿಸುವುದಾಗಲಿ ಬಿಚ್ಚುವುದಾಗಲಿ ಮಾಡಬೇಡಿ, ಮೊದಲು ಬೂಟ್ ಫೈಲ್‌ಗಳನ್ನು ಎಸ್‌ಎಸ್‌ಡಿಗೆ ತರಬೇಕು. ಆ ಕೆಲಸ ಗೊತ್ತಿರುವವರ ಕೈಲಿ ಮಾಡಿಸಿ.

ಮದ್ದೂರಿನಿಂದ:

ಟ್ಯಾಲಿ ಬಗ್ಗೆ ನಾನು ಹೇಳ್ತೀನಿ, ಲೆಕ್ಕಪತ್ರದ ಕೆಲಸ ನನ್ನದು. ಡಿಯನ್ನು ಮತ್ತೆ ಡಿ ಮಾಡಿದ ಮೇಲೂ ಕಂಪನಿ ಕಾಣದಿದ್ದರೆ ಗಾಬರಿ ಬೇಡ. ವಿಂಡೋಸ್ ಹೊಸದು ಅಂದ ಮೇಲೆ ಟ್ಯಾಲಿಯನ್ನೂ ಹೊಸದಾಗಿಯೇ ಹಾಕಿರುತ್ತಾರೆ, ಅದು ಸಿ ಡ್ರೈವ್‌ನ ಖಾಲಿ ಫೋಲ್ಡರ್‌ನಲ್ಲಿ ಹುಡುಕುತ್ತಿರುತ್ತೆ. ಟ್ಯಾಲಿ ಪ್ರೈಮ್‌ನಲ್ಲಿ ‘ಸೆಲೆಕ್ಟ್ ಕಂಪನಿ’ ಬಂದಾಗ ‘ಸ್ಪೆಸಿಫೈ ಪಾತ್’ ಅಂತ ಇದೆ, ಅಲ್ಲಿ ಹಳೆ ಡೇಟಾ ಫೋಲ್ಡರ್ ತೋರಿಸಿ. ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳು ಕಾಣುತ್ತವಲ್ಲ, ಒಂದೊಂದು ಕಂಪನಿಗೆ ಒಂದೊಂದು. ಅವುಗಳ ಒಳಗೆ ಹೋಗಬೇಡಿ, ಅವೆಲ್ಲ ಇರುವ ಮೇಲಿನ ಫೋಲ್ಡರ್ ಅನ್ನೇ ಕೊಡಬೇಕು. ಯಾವಾಗಲೂ ಅಲ್ಲೇ ನೋಡಬೇಕು ಅಂದರೆ ಎಫ್1 ಒತ್ತಿ ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ಕಾನ್ಫಿಗರೇಷನ್’ಗೆ ಹೋಗಿ ಅಲ್ಲಿ ಪಾತ್ ಬದಲಾಯಿಸಿ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ಕಂಪನಿ ಕಾಣಲಿಲ್ಲ ಅಂತ ಅದೇ ಹೆಸರಲ್ಲಿ ಹೊಸ ಕಂಪನಿ ತೆರೆದು ಬಿಲ್ ಹಾಕಲು ಶುರು ಮಾಡುವವರನ್ನು ನೋಡಿದ್ದೀನಿ. ಆಮೇಲೆ ಹಳೆಯದು ಸಿಗುತ್ತೆ, ಎರಡು ಕಡೆ ಬಿಲ್, ಜಿಎಸ್‌ಟಿ ರಿಟರ್ನ್ ಹೊತ್ತಿಗೆ ಕೂತು ಒಂದೊಂದೇ ತಾಳೆ ನೋಡಬೇಕು.

ಎಕ್ಸೆಲ್‌ನಲ್ಲಿ ಒಂದು ಫೈಲ್‌ನಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟಿದ್ದರೆ ಅದೂ ಅಕ್ಷರ ಹಿಡಿದುಕೊಂಡೇ ಹುಡುಕುತ್ತಿರಬಹುದು. ಮಾವನವರ ಮನೆ ಲೆಕ್ಕ ಏನಾದರೂ ಹಾಗಿದ್ದರೆ ತೆರೆದು ನೋಡಿ. ಡಿ ವಾಪಸ್ ಬಂದರೆ ಅದು ತಾನಾಗೇ ಸರಿಯಾಗುತ್ತೆ.

ಶ್ರೀರಂಗಪಟ್ಟಣದಿಂದ:

ನಿಮ್ಮದರಲ್ಲಿ ಅಕ್ಷರ ಬದಲಾಗಿದೆ, ನಮ್ಮ ಪಕ್ಕದ ಮನೆಯಲ್ಲಿ ಡಿ ಪೂರ್ತಿ ಮಾಯವೇ ಆಗಿತ್ತು. ಅವರು ಡಾಕ್ಯುಮೆಂಟ್ಸ್ ಫೋಲ್ಡರ್ ಅನ್ನೂ ಡೆಸ್ಕ್‌ಟಾಪ್ ಅನ್ನೂ ಡಿಗೆ ವರ್ಗ ಮಾಡಿ ಇಟ್ಟಿದ್ದರು. ಹಾಗಾಗಿ ಆನ್ ಮಾಡಿದರೆ ಡೆಸ್ಕ್‌ಟಾಪ್ ಖಾಲಿ, ‘ಲೊಕೇಷನ್ ಈಸ್ ನಾಟ್ ಅವೈಲಬಲ್’ ಅಂತ ಬರುತ್ತಿತ್ತು. ವೈರಸ್ ಅಂದುಕೊಂಡು ಮನೆಮಂದಿಯೆಲ್ಲ ಕಂಗಾಲು. ನೋಡಿದರೆ ಆಯುಧ ಪೂಜೆಗೆ ಸಿಪಿಯು ಬಿಚ್ಚಿ ಧೂಳು ಒರೆಸಿದ್ದರು, ಆಗ ಎರಡನೇ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಸಡಿಲವಾಗಿತ್ತು. ಪವರ್ ತೆಗೆದು ಕೇಬಲ್ ಗಟ್ಟಿಯಾಗಿ ಕೂರಿಸಿದ ಮೇಲೆ ಎಲ್ಲ ಬಂತು. ದಸರಾ ಆದ ಮೇಲೆ ಡ್ರೈವ್ ಕಾಣದಿದ್ದವರು ಮೊದಲು ಇದನ್ನು ನೋಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಆ ಡಿಸ್ಕ್ ಇಲ್ಲ ಅಂದರೆ ಅದು ಅಕ್ಷರದ ಸಮಸ್ಯೆ ಅಲ್ಲ, ಕೇಬಲ್ ಅಥವಾ ಡಿಸ್ಕ್‌ನದು. ಅಲ್ಲಿ ಇದೆ ಆದರೆ ಅಕ್ಷರ ಇಲ್ಲ ಅಂದರೆ ಒಂದು ಅಕ್ಷರ ಕೊಟ್ಟರೆ ಸಾಕು.

ಮಂಡ್ಯ, ನೂರಡಿ ರಸ್ತೆಯಿಂದ:

ಅಕ್ಕಾ, ಸಂಜೆ ಬರೀತೀನಿ ಅಂದಿದ್ದೆ. ಸ್ಟುಡಿಯೋದಲ್ಲಿ ನಮ್ಮ ಹತ್ತಿರ ರಾಶಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇವೆ, ಒಂದೊಂದರಲ್ಲಿ ಒಂದೊಂದು ಸೀಸನ್‌ನ ಮದುವೆಗಳು. ಒಂದು ಡಿಸ್ಕ್ ಹಾಕಿ ಎಡಿಟ್ ಶುರು ಮಾಡಿರ್ತೀವಿ, ಮಾರನೇ ದಿನ ಪೆನ್ ಡ್ರೈವ್ ಮೊದಲೇ ಚುಚ್ಚಿರುತ್ತೆ, ಡಿಸ್ಕ್‌ಗೆ ಬೇರೆ ಅಕ್ಷರ ಬರುತ್ತೆ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕ್ಲಿಪ್‌ಗಳೆಲ್ಲ ಆಫ್‌ಲೈನ್ ಅಂತ ಕೆಂಪಗೆ ತೋರಿಸುತ್ತೆ. ಅದಕ್ಕೆ ನಾವು ಎಕ್ಸ್‌ಟರ್ನಲ್ ಡಿಸ್ಕ್‌ಗಳಿಗೆಲ್ಲ ಎಂ, ಎನ್, ಪಿ, ಕ್ಯೂ ಅಂತ ದೂರದ ಅಕ್ಷರ ಕೊಟ್ಟುಬಿಟ್ಟೆವು. ಪೆನ್ ಡ್ರೈವ್ ಮೆಮೊರಿ ಕಾರ್ಡ್‌ಗಳು ಮೊದಲ ಖಾಲಿ ಅಕ್ಷರ ಹಿಡಿಯುತ್ತವೆ, ಅಷ್ಟು ದೂರ ಬರಲ್ಲ. ಒಮ್ಮೆ ಕೊಟ್ಟ ಅಕ್ಷರವನ್ನು ಆ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತೆ.

ಆ ಕಂಪ್ಯೂಟರ್ ಮಾತ್ರ. ಅದೇ ಡಿಸ್ಕ್ ಅನ್ನು ಬೇರೆ ಕಡೆ ತಗೊಂಡು ಹೋದರೆ ಅಲ್ಲಿ ಬೇರೆ ಅಕ್ಷರ. ಡಿಸ್ಕಿನ ಜೊತೆ ಓಡಾಡುವುದು ಅದರ ಹೆಸರು, ಲೇಬಲ್ ಅಂತಾರಲ್ಲ, ಅದು. ರೈಟ್ ಕ್ಲಿಕ್ ಮಾಡಿ ರಿನೇಮ್ ಕೊಟ್ಟು ಹೆಸರಿಡಿ. ನಿಮ್ಮ ಡಿಗೆ ‘ಮನೆ ಫೋಟೋ’ ಅಂತಿಟ್ಟರೂ ಆಯ್ತು. ಎಲ್ಲ ‘ನ್ಯೂ ವಾಲ್ಯೂಮ್’ ಅಂತಲೇ ಇದ್ದರೆ ಯಾವುದು ಯಾವುದೋ ಗೊತ್ತಾಗದೇ ಅವಸರದಲ್ಲಿ ಬೇರೆಯದನ್ನು ಅಳಿಸುವ ಅಪಾಯ ಇದೆ. ಡಿಸ್ಕ್ ಫಾರ್ಮ್ಯಾಟ್ ಆಗಿರುವ ಬಗೆ ಎನ್‌ಟಿಎಫ್‌ಎಸ್ ಆದರೆ 32 ಅಕ್ಷರದ ತನಕ ಹೆಸರಿಡಬಹುದು, ಎಕ್ಸ್‌ಫ್ಯಾಟ್ ಆದರೆ 11.

ಪಾಂಡವಪುರದಿಂದ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಕಾಲೇಜು ಲ್ಯಾಬ್ ನೋಡಿಕೊಳ್ಳುತ್ತೇನೆ, ವಿಂಡೋಸ್ ಬೂಟ್ ಆಗದಿದ್ದಾಗ ರಿಕವರಿ ಪರದೆಯಿಂದ ಕಮಾಂಡ್ ಪ್ರಾಂಪ್ಟ್ ತೆರೆಯುವ ಕೆಲಸ ಇರುತ್ತೆ. ಅಲ್ಲಿ ಅಕ್ಷರಗಳೇ ಬೇರೆ. ರಿಕವರಿ ತಾನು ಎಕ್ಸ್ ಡ್ರೈವ್‌ನಲ್ಲಿ ಓಡುತ್ತಿರುತ್ತೆ, ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು, ಸಿ ಅನ್ನಿಸಿಕೊಂಡದ್ದು ಫೋಟೋಗಳ ಪಾರ್ಟಿಷನ್ ಆಗಿರಬಹುದು. ‘ವಿಂಡೋಸ್ ಹಾಳಾಗಿದೆ, ಸಿ ಫಾರ್ಮ್ಯಾಟ್ ಮಾಡೋಣ’ ಅಂತ ಅಲ್ಲಿ ಹೊರಟರೆ ಹೋಗುವುದು ಫೋಟೋ. ‘ಡಿಸ್ಕ್‌ಪಾರ್ಟ್’ ತೆರೆದು ‘ಲಿಸ್ಟ್ ವಾಲ್ಯೂಮ್’ ಕೊಟ್ಟರೆ ಹೆಸರು, ಸೈಜ್ ಎರಡೂ ಬರುತ್ತವೆ, ಅವೆರಡನ್ನೂ ನೋಡಿ ಖಾತ್ರಿ ಆದ ಮೇಲೇ ಮುಂದಿನ ಹೆಜ್ಜೆ. ಅಕ್ಷರವನ್ನು ಮಾತ್ರ ನಂಬಬೇಡಿ.

ಹಾಗೇ ‘ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು’ ಅಂತ ವಿಂಡೋಸೇ ಕೇಳಿದರೂ ಕ್ಯಾನ್ಸಲ್ ಕೊಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ‘ರಾ’ ಅಂತ ತೋರಿಸುತ್ತಿದ್ದರೆ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ) ಕೆಟ್ಟಿರಬಹುದು, ಡೇಟಾ ಒಳಗೇ ಇರುವ ಸಾಧ್ಯತೆ ಜಾಸ್ತಿ. ಮೊದಲು ಡೇಟಾ ಹೊರಗೆ ತೆಗೆಸಿ.

ಮೈಸೂರು, ಕುವೆಂಪುನಗರದಿಂದ:

ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಮಗಳು ಕೂತು ಮಾಡಿದಳು. ಡಿವಿಡಿ ಈಗ ಆರ್, ಹಳೆ ಡಿ ಮತ್ತೆ ಡಿ. ಡೆಸ್ಕ್‌ಟಾಪ್ ಶಾರ್ಟ್‌ಕಟ್‌ಗಳು ತೆರೆಯುತ್ತಿವೆ. ಟ್ಯಾಲಿಗೆ ಮದ್ದೂರಿನವರು ಹೇಳಿದ ಹಾಗೆ ಪಾತ್ ಕೊಡಬೇಕಾಯ್ತು, ಕಂಪನಿ ಎಲ್ಲ ಬಂದವು. ‘ಸಿಸ್ಟಮ್’ ಅಂತ ಎಸ್‌ಎಸ್‌ಡಿ ಕಡೆಯೇ ಬರೆದಿದೆ. ಇನ್ನು ಆ ಚಿಕ್ಕ ಇ ಡ್ರೈವ್ ಕಾಣಿಸ್ತಾನೇ ಇದೆ, ‘ಸಿಸ್ಟಮ್ ರಿಸರ್ವ್ಡ್’ ಅಂತಿದೆ. ಮತ್ತೆ ಎಫ್‌ನ ಹಳೆ ವಿಂಡೋಸ್ ಇಟ್ಟುಕೊಳ್ಳಬೇಕಾ?

ಮೈಸೂರು, ಸರಸ್ವತಿಪುರಂನಿಂದ:

ಒಳ್ಳೇದಾಯ್ತು ಮೇಡಂ. ಇ ಹಳೆ ವಿಂಡೋಸ್‌ನ ಬೂಟ್ ಪಾರ್ಟಿಷನ್. ಅಳಿಸುವುದೇನೂ ಬೇಡ, ಅದೇ ‘ಚೇಂಜ್ ಡ್ರೈವ್ ಲೆಟರ್’ ಒಳಗೆ ‘ರಿಮೂವ್’ ಇದೆ, ಅದನ್ನು ಕೊಟ್ಟರೆ ಅಕ್ಷರ ಹೋಗಿ ಕಣ್ಣಿಗೆ ಕಾಣಲ್ಲ ಅಷ್ಟೇ, ಒಳಗಿನದು ಹಾಗೇ ಇರುತ್ತೆ. ಮುಂದೆ ಯಾವತ್ತಾದರೂ ರಿಕವರಿ ಪಾರ್ಟಿಷನ್ ಹೀಗೆ ಎದ್ದು ಕಾಣಿಸಿಕೊಂಡು ಜಾಗ ಕಮ್ಮಿ ಅಂತ ಪದೇಪದೇ ಹೇಳುತ್ತಿದ್ದರೂ ಇದೇ ಮದ್ದು. 2018ರ ಏಪ್ರಿಲ್‌ನ ವಿಂಡೋಸ್ 10 ಅಪ್‌ಡೇಟ್ ಆದಾಗ ಬಹಳ ಜನರಿಗೆ ಹಾಗೆ ಆಗಿತ್ತು. ಅಂಥ ಪಾರ್ಟಿಷನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರೀ ‘ಹೆಲ್ಪ್’ ತೋರಿಸುತ್ತೆ, ಆಗ ಡಿಸ್ಕ್‌ಪಾರ್ಟ್‌ನಲ್ಲಿ ಆ ವಾಲ್ಯೂಮ್ ಆರಿಸಿ ‘ರಿಮೂವ್’ ಕೊಡಬೇಕು.

ಎಫ್ ಅನ್ನು ಸದ್ಯಕ್ಕೆ ಬಿಟ್ಟಿರಿ. ಅದರ ‘ಯೂಸರ್ಸ್’ ಫೋಲ್ಡರ್‌ನಲ್ಲಿ ನಿಮ್ಮ ಹಳೆ ಹೆಸರಿನ ಫೋಲ್ಡರ್ ಇರುತ್ತೆ. ತೆರೆದರೆ ಪರ್ಮಿಷನ್ ಇಲ್ಲ ಅನ್ನುತ್ತೆ, ‘ಕಂಟಿನ್ಯೂ’ ಕೊಡಿ, ಸ್ವಲ್ಪ ಹೊತ್ತು ತಗೊಂಡು ತೆರೆಯುತ್ತೆ. ಹಳೆ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅಲ್ಲಿವೆ. ಅವನ್ನು ಡಿಗೆ ಕಾಪಿ ಮಾಡಿಕೊಳ್ಳಿ. ಮಾವನವರ ಫೋಟೋಗಳ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೂ ಇರಲಿ, ಡಿ ಇರುವುದು ವಯಸ್ಸಾದ ಹಾರ್ಡ್ ಡಿಸ್ಕ್‌ನಲ್ಲೇ ಅಲ್ವಾ. ಅಷ್ಟೂ ಆಗಿ ಫೋಟೋಗಳು ಎರಡೂ ಕಡೆ ತೆರೆಯುತ್ತಿವೆ ಅಂತ ನೋಡಿಕೊಂಡ ಮೇಲೆ ಎಫ್ ಖಾಲಿ ಮಾಡುವ ಮಾತು.