ರಾಜಹಕ್ಕಿಯ ಬಿಳಿ ಬಾಲ ಕಪ್ಪಾಗುತ್ತಿದೆ, ಯಾರಾದರೂ ಹೇಳಿ ಮಾರಾಯ್ರೆ

ಪೆರ್ಲದ_ಹಕ್ಕಿಮನೆ: ತಲೆ ಕೆಟ್ಟುಹೋಗಿದೆ. ಎರಡು ವರ್ಷ ದುಡ್ಡು ಕೂಡಿಟ್ಟು ತೆಗೆದುಕೊಂಡ ಹಳೇ ಹಕ್ಕಿ ಪುಸ್ತಕ. ಮಳೆಗಾಲಕ್ಕೆ ಮೊದಲು ಚೆನ್ನಾಗಿತ್ತು, ಈಗ ತೆರೆದರೆ ಚಿತ್ರದಲ್ಲಿ ರಾಜಹಕ್ಕಿಯ ಬಾಲಕ್ಕೆ ಮಸಿ ಮೆತ್ತಿದ ಹಾಗಿದೆ. ಏನು ಮಾಡುವುದು?

ಬದಿಯಡ್ಕದವ: ಬೂಷ್ಟು. ಗಾಳಿಯ ತೇವ 65 ಶೇಕಡಾ ದಾಟಿದರೆ ಸಾಕು, ನಮ್ಮ ಕಡೆ ಚಪ್ಪಲಿಗೂ ಬರುತ್ತದೆ, ಪುಸ್ತಕಕ್ಕೂ ಬರುತ್ತದೆ. ಸಿಲಿಕಾ ಜೆಲ್ ಇಡಿ.

ಪೆರ್ಲದ_ಹಕ್ಕಿಮನೆ: ಇಟ್ಟಿದ್ದೇನೆ.

ಬದಿಯಡ್ಕದವ: ಅದರ ಬಣ್ಣ ತಿರುಗಿದ್ದರೆ ಸುಮ್ನೆ ಇಟ್ಟು ಪ್ರಯೋಜನ ಇಲ್ಲ, ಬಿಸಿ ಮಾಡಿ ಒಣಗಿಸಬೇಕು. ಬೂಷ್ಟೇ ಅದು.

ಕುಂಬಳೆ_ಕಡಲು: ರಾಜಹಕ್ಕಿ ಅಂದರೆ ಬಾಲದಂಡೆ ಅಲ್ವಾ? ಸರಿಯಾದ ಹೆಸರು ಹಾಕಿ.

ಬದಿಯಡ್ಕದವ: ಎರಡೂ ಒಂದೇ. ಇಲ್ಲಿ ಪುಸ್ತಕ ಹಾಳಾಗ್ತಾ ಇದೆ, ನಿಮಗೆ ಹೆಸರಿನ ಚಿಂತೆ.

ಮುಳ್ಳೇರಿಯ_ಮಾಷ್ಟ್ರು: ನನ್ನಲ್ಲಿ ಜನ ಬೇಟೆಯಾಡುತ್ತಿದ್ದ ಹಕ್ಕಿಗಳ ಬಗ್ಗೆ ಹ್ಯೂಮ್ ಮತ್ತು ಮಾರ್ಷಲ್ ಬರೆದ ಪುಸ್ತಕದ ಮೂರೂ ಸಂಪುಟ ಇದೆ, 1879ರಿಂದ 81ರದ್ದು. ತೇವ ಹೀರುವ ಮೆಷಿನ್ ಹಗಲು ರಾತ್ರಿ ಓಡುತ್ತದೆ. ಒಂದು ಚುಕ್ಕೆ ಇಲ್ಲ.

ಉಪ್ಪಳ_ಕಲ್ಲಚ್ಚು: ಮಾಷ್ಟ್ರೇ, ನಿಮ್ಮದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು, ಬಣ್ಣವನ್ನೂ ಕಲ್ಲಿನಿಂದಲೇ ಅಚ್ಚು ಹಾಕಿದ್ದು. ಪೆರ್ಲದವರೇ, ನಿಮ್ಮದು ಕೈಯಲ್ಲಿ ಬಣ್ಣ ಹಚ್ಚಿದ್ದಾ? ಭೂತಗನ್ನಡಿಯಲ್ಲಿ ನೋಡಿ, ಕುಂಚದ ಗೆರೆ ಕಾಣುತ್ತದೆ, ಬಣ್ಣ ಅಲ್ಲಲ್ಲಿ ಗೆರೆ ದಾಟಿರುತ್ತದೆ. ಹಾಳೆಯ ಅಂಚಿನಲ್ಲಿ ಕಲೆ ಉಂಟಾ?

ಪೆರ್ಲದ_ಹಕ್ಕಿಮನೆ: ಕೈಯಲ್ಲೇ ಹಚ್ಚಿದ್ದು, 1840ರ ದಶಕದ್ದು. ಅಂಚಿನಲ್ಲಿ ಏನೂ ಇಲ್ಲ, ಬಿಳಿ ಬಣ್ಣ ಇದ್ದಲ್ಲಿ ಮಾತ್ರ.

ಉಪ್ಪಳ_ಕಲ್ಲಚ್ಚು: ಇದನ್ನು ಮೊದಲೇ ಹೇಳಬಾರದಾ! ಬೂಷ್ಟಿಗೆ ಬಿಳಿ, ಕೆಂಪು ಅಂತ ಭೇದ ಎಲ್ಲಿದೆ? ಇದು ಸೀಸದ ಬಿಳಿ, ಅಂದರೆ ಸೀಸದಿಂದ ಮಾಡಿದ ಬಿಳಿ ಬಣ್ಣ. ಗಂಧಕದ ಅನಿಲ ತಾಗಿದರೆ ಕಪ್ಪಾಗುತ್ತದೆ. ಕಪಾಟಿನಲ್ಲಿ ಬೇರೆ ಏನಿದೆ?

ಪೆರ್ಲದ_ಹಕ್ಕಿಮನೆ: ಏನಿಲ್ಲ. ಅಜ್ಜಿಯ ಬೆಳ್ಳಿ ಆರತಿ ತಟ್ಟೆ, ಅದೂ ಕಪ್ಪಾಗಿದೆ, ಬೆಳ್ಳಿ ಅಲ್ವಾ ಅಂತ ಬಿಟ್ಟಿದ್ದೆ. ಅಡಿಯಲ್ಲಿ ತೇವ ಬರಬಾರದು ಅಂತ ಕಪ್ಪು ರಬ್ಬರ್ ಮ್ಯಾಟ್ ಹಾಸಿದ್ದೇನೆ, ಮೇ ತಿಂಗಳಲ್ಲಿ.

ಉಪ್ಪಳ_ಕಲ್ಲಚ್ಚು: ಅದೇ ಮ್ಯಾಟ್! ಅಂಥ ರಬ್ಬರನ್ನು ಗಂಧಕ ಸೇರಿಸಿಯೇ ಗಟ್ಟಿ ಮಾಡುವುದು. ಇವತ್ತೇ ಹೊರಗೆ ಹಾಕಿ. ಪುಸ್ತಕಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್ ಇದ್ದರೆ ಅದನ್ನೂ.

ಬದಿಯಡ್ಕದವ: ಆದರೂ ಒಮ್ಮೆ ಬಿಸಿಲಿಗೆ ಇಟ್ಟು ನೋಡಬಹುದು.

ಉಪ್ಪಳ_ಕಲ್ಲಚ್ಚು: ಬೇಡ, ಉಳಿದ ಬಣ್ಣವೂ ಹೋಗುತ್ತದೆ. ಕಪ್ಪಾದದ್ದನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಮತ್ತೆ ಬಿಳಿ ಮಾಡುತ್ತಾರೆ, ಆದರೆ ಅದು ಹಳೇ ಕಾಗದ ರಿಪೇರಿ ಕಲಿತವರ ಕೆಲಸ. ಮನೆಯಲ್ಲಿ ಹತ್ತಿ ಅದ್ದಿ ಉಜ್ಜಬೇಡಿ.

ಪೆರ್ಲದ_ಹಕ್ಕಿಮನೆ: ಮ್ಯಾಟ್ ತೆಗೆದೆ. ಈಗ ಅಡಿಯ ಹಲಗೆಯಲ್ಲಿ ಗೆದ್ದಲು ಕಾಣುತ್ತಿದೆ.

ಕುಂಬಳೆ_ಕಡಲು: ಮಾಷ್ಟ್ರೇ, ಆ ಮೂರು ಸಂಪುಟ ಕೊಡ್ತೀರಾ?